ಸದ್ದು ಎಲ್ಲಿ, ಸಡಿಲ ಎಲ್ಲಿ? ಕಾರಿನ ‘ಪ್ಲೇ’ ಹಿಡಿಯಲು 15 ಸೂತ್ರಗಳು

ಬೆಳಗ್ಗೆ ಒಂಬತ್ತಕ್ಕೆ ಬೆಂಗಳೂರಿನ ಕುಂದಲಹಳ್ಳಿ ಗೇಟ್‌ನಿಂದ ಐಟಿಪಿಎಲ್ ಕಡೆಗೆ ಹೊರಟ ಕಾರು ಎರಡನೇ ಗೇರ್ ದಾಟಿದರೆ ಅದೇ ದೊಡ್ಡದು. ವೀಲ್ ಬೇರಿಂಗ್ ಸವೆದ ಸದ್ದಾದರೋ ಸಾಮಾನ್ಯವಾಗಿ ಗಂಟೆಗೆ 40 ಕಿ.ಮೀ. ದಾಟಿದ ಮೇಲೆಯೇ ಕಿವಿಗೆ ಬೀಳುವುದು. ಹಾಗಾಗಿ ವಾರವಿಡೀ ತೆಪ್ಪಗಿದ್ದ ಕಾರು ಶನಿವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊಸಕೋಟೆ ದಾಟಿ ಕೋಲಾರದ ಹೆದ್ದಾರಿ ಹಿಡಿದಾಗ ‘ಗುಂಯ್’ ಎನ್ನತೊಡಗುತ್ತದೆ. ಸೋಮವಾರ ಗ್ಯಾರೇಜಿಗೆ ಹೋದರೆ ‘ಬೇರಿಂಗ್ ಹೋಗಿದೆ ಸಾರ್, ಎರಡೂ ಕಡೆ ಹಾಕಿಬಿಡೋಣ’ ಎಂಬ ಉತ್ತರ ಸಿದ್ಧ. ಹಾಕಿಸಿದ ಮೇಲೂ ಸದ್ದು ಹಾಗೇ ಉಳಿದರೆ? ದುಡ್ಡೂ ಹೋಯಿತು, ದಿನವೂ ಹೋಯಿತು.

ಆಕ್ಸಲ್, ಡಿಫರೆನ್ಷಿಯಲ್, ವೀಲ್ ಬೇರಿಂಗ್ ಈ ಮೂರರ ಪ್ಲೇ (ಸಡಿಲ) ಪತ್ತೆಗೆ ದೊಡ್ಡ ಯಂತ್ರ ಬೇಕಿಲ್ಲ. ಒಂದು ಜಾಕ್, ಎರಡು ಸ್ಟ್ಯಾಂಡ್, ಒಬ್ಬ ಜೊತೆಗಾರ, ಒಂದು ಕ್ರಮ ಇದ್ದರೆ ಸಾಕು. ಬಿಚ್ಚುವ ಮೊದಲು ಜಾಗ ಗೊತ್ತಾಗಬೇಕು. ಕೆಳಗಿನ ಅಷ್ಟೂ ಸೂತ್ರಗಳು ಹೇಳುವುದು ಇದನ್ನೇ.

1. ಯಾವ ಪ್ಲೇ ಸಹಜ, ಯಾವುದು ರೋಗ ಎಂದು ಮೊದಲು ತಿಳಿಯಿರಿ

ಎಲ್ಲ ಸಡಿಲವೂ ಕೆಟ್ಟದ್ದಲ್ಲ. ಗೇರಿನ ಹಲ್ಲುಗಳ ನಡುವೆ ಎಣ್ಣೆ ಹರಿಯಲು, ಬಿಸಿಗೆ ಲೋಹ ಹಿಗ್ಗಲು ಸ್ವಲ್ಪ ಜಾಗ ಬೇಕೇ ಬೇಕು. ಡಿಫರೆನ್ಷಿಯಲ್‌ನ ಕ್ರೌನ್ ಮತ್ತು ಪಿನಿಯನ್ ಗೇರುಗಳ ನಡುವೆ ಇದು ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಆಸುಪಾಸು ಇರುತ್ತದೆ. ಅದಕ್ಕೆ ಒಳಗಿನ ಸಣ್ಣ ಗೇರುಗಳ, ಆಕ್ಸಲ್ ತುದಿಯ ಹಲ್ಲುಗಳ ಸಡಿಲವೂ ಸೇರಿ ಚಕ್ರದ ಅಂಚಿನಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಹೀಗೆ ನೆನಪಿಡಿ: ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಪ್ಲೇ ಇರಬಹುದು. ಚಕ್ರ ಮೇಲೆ-ಕೆಳಗೆ ಅಲ್ಲಾಡುವುದು, ಪಿನಿಯನ್ ಮೂತಿ ಅಲ್ಲಾಡುವುದು, ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸ್ ಅಲ್ಲಾಡುವುದು ಸಲ್ಲದು.

2. ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೆ ನೋಡಿ

ಸ್ವಿಫ್ಟ್, ವ್ಯಾಗನ್‌ಆರ್, ಐ20 ಇಂಥವುಗಳಲ್ಲಿ ಮುಂಚಕ್ರಕ್ಕೆ ಶಕ್ತಿ. ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಕೂತಿರುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಇರುವುದೇ ಇಲ್ಲ. ಬೊಲೆರೊ, ಈಕೊ, ಇನ್ನೋವಾ ಕ್ರಿಸ್ಟಾದಲ್ಲಿ ಹಿಂಚಕ್ರಕ್ಕೆ ಶಕ್ತಿ. ಉದ್ದನೆಯ ಶಾಫ್ಟ್, ಅದರ ತುದಿಯಲ್ಲಿ ಡಿಫರೆನ್ಷಿಯಲ್ ಹೌಸಿಂಗ್. ಹೆಸರು ನೋಡಿ ಮೋಸ ಹೋಗಬೇಡಿ: ಇನ್ನೋವಾ ಎಂಬ ಒಂದೇ ಹೆಸರಿನ ಕ್ರಿಸ್ಟಾ ಹಿಂಚಕ್ರದ್ದು, ಹೈಕ್ರಾಸ್ ಮುಂಚಕ್ರದ್ದು. ಎಲೆಕ್ಟ್ರಿಕ್ ಕಾರಿಗೂ ಬೇರಿಂಗ್, ಡಿಫರೆನ್ಷಿಯಲ್ ತಪ್ಪಿದ್ದಲ್ಲ. ಎಂಜಿನ್ ಗದ್ದಲ ಇಲ್ಲದ್ದರಿಂದ ಅದರಲ್ಲಿ ಬೇರಿಂಗ್ ಸದ್ದು ಬೇಗ ಕೇಳುತ್ತದೆ.

3. ಸದ್ದು ಕೇಳಲು ಹೊತ್ತು ಮತ್ತು ರಸ್ತೆ ಆರಿಸಿಕೊಳ್ಳಿ

ಭಾನುವಾರ ಬೆಳಗ್ಗೆ ಆರಕ್ಕೆ ಹೊರಡಿ. ರೇಡಿಯೊ, ಏಸಿ ಎರಡೂ ಬಂದ್. 2022ರಲ್ಲಿ ತೆರೆದ ಕುಂದಲಹಳ್ಳಿ ಅಂಡರ್‌ಪಾಸಿನಲ್ಲಿ ಕಿಟಕಿ ಇಳಿಸಿ ನಿಧಾನವಾಗಿ ಸಾಗಿ. ಪಕ್ಕದ ಗೋಡೆಗೆ ಬಡಿದು ಬರುವ ಸದ್ದಿನಲ್ಲಿ ‘ಟಿಕ್ ಟಿಕ್’, ‘ಕರಕರ’ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತವೆ. ಆಮೇಲೆ ನೇರವಾದ ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗಕ್ಕೆ ಹೋಗಿ, ಕ್ಲಚ್ ಒತ್ತಿ ಕೆಲವು ಕ್ಷಣ ಹಾಗೇ ಸಾಗಲು ಬಿಡಿ. ಎಂಜಿನ್ ಆರಿಸಬೇಡಿ, ಆರಿಸಿದರೆ ಬ್ರೇಕ್, ಸ್ಟೀರಿಂಗ್ ಎರಡೂ ಬಿಗಿಯಾಗುತ್ತವೆ. ಎಂಜಿನ್ ವೇಗ ಇಳಿದ ಕೂಡಲೇ ಸದ್ದೂ ಇಳಿದರೆ ಮೂಲ ಎಂಜಿನ್ ಕಡೆ. ಕಾರಿನ ವೇಗದೊಂದಿಗೇ ಸದ್ದು ಮುಂದುವರಿದರೆ ಅನುಮಾನ ಟೈರ್, ಬೇರಿಂಗ್, ಡಿಫರೆನ್ಷಿಯಲ್ ಮೇಲೆ.

4. ಟೈರನ್ನು ಮೊದಲು ಖುಲಾಸೆ ಮಾಡಿ

ಬೇರಿಂಗ್ ಎಂದು ಬದಲಿಸಿದ ಎಷ್ಟೋ ಕಡೆ ತಪ್ಪು ಟೈರಿನದ್ದಾಗಿರುತ್ತದೆ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸದ್ದಿನ ದನಿ ಬದಲಾದರೆ ಅದು ಟೈರ್; ಬೇರಿಂಗ್‌ಗೆ ರಸ್ತೆಯ ಹಂಗಿಲ್ಲ. ಟೈರಿನ ಮೇಲ್ಮೈ ಮೇಲೆ ಅಂಗೈಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಆಡಿಸಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದಂತೆ ತಡೆದರೆ, ಅಥವಾ ಅಲ್ಲಲ್ಲಿ ತಗ್ಗು ಸಿಕ್ಕರೆ ಸವೆತ ಅಸಮ. ಆಗ ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ. ಸದ್ದೂ ಜಾಗ ಬದಲಿಸಿತೇ? ಬೇರಿಂಗ್ ಖರ್ಚು ಉಳಿಯಿತು.

5. ಕಾರನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತೂಗಿ

ಹಿಂದೆ ಮುಂದೆ ವಾಹನ ಇಲ್ಲದ ಅಗಲ ರಸ್ತೆಯಲ್ಲಿ ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿ. ಎಡಕ್ಕೆ ತಿರುಗಿಸಿದಾಗ ಕಾರಿನ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಮೊದಲು ಬಲಗಡೆಯ ಬೇರಿಂಗ್ ನೋಡಿ. ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡಗಡೆಯದ್ದು. ಇದು ಸುಳಿವು ಮಾತ್ರ, ತೀರ್ಪಲ್ಲ. ಇಂದಿನ ಹಬ್‌ಗಳಲ್ಲಿ ಗುಂಡುಗಳು ಎರಡು ಸಾಲಿನಲ್ಲಿರುವುದರಿಂದ ಒಮ್ಮೊಮ್ಮೆ ಉಲ್ಟಾ ಆಗುವುದೂ ಉಂಟು. ಖಚಿತವಾಗಬೇಕಾದರೆ ಜಾಕ್ ಹಾಕಲೇಬೇಕು.

6. ಜಾಕ್ ಮೇಲೆ ನಂಬಿಕೆ ಬೇಡ, ಸ್ಟ್ಯಾಂಡ್ ಮೇಲಿಡಿ

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇದಕ್ಕೆ ಒಳ್ಳೆಯ ಜಾಗ. ನೆಲ ಸಮ, ಗದ್ದಲ ಕಡಿಮೆ. ಇಳಿಜಾರಿನ ರ‍್ಯಾಂಪ್ ಮಾತ್ರ ಬೇಡ. ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಕೊಡಿ. ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಹಾಕಲಿಕ್ಕಷ್ಟೇ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ತೂರಿಸಬಾರದು, ಚಕ್ರ ಹಿಡಿದು ಜಗ್ಗಲೂಬಾರದು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರು, ಲಾಕ್ ಆಗುವ ಡಿಫರೆನ್ಷಿಯಲ್ ಇರುವ ಗಾಡಿಗಳಲ್ಲಿ ಒಂದು ಚಕ್ರ ಎತ್ತಿ ಎಂಜಿನ್ ಚಾಲೂ ಮಾಡಿ ಗೇರ್ ಹಾಕಬೇಡಿ. ನೆಲದ ಮೇಲಿರುವ ಚಕ್ರ ಕಾರನ್ನು ಸ್ಟ್ಯಾಂಡಿನಿಂದ ಹಾರಿಸಿಬಿಡುತ್ತದೆ.

7. ಗಡಿಯಾರದ 12-6, 9-3 ಪರೀಕ್ಷೆ ಮಾಡಿ

ಎತ್ತಿದ ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು, ಅಂದರೆ 12 ಮತ್ತು 6 ಗಂಟೆಯ ಜಾಗವನ್ನು, ಹಿಡಿದು ಒಂದನ್ನು ಒಳಗೆ ತಳ್ಳಿ, ಇನ್ನೊಂದನ್ನು ಹೊರಗೆ ಎಳೆಯಿರಿ. ‘ಟಕ್’ ಎಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಆಮೇಲೆ 9 ಮತ್ತು 3ರ ಜಾಗ ಹಿಡಿದು ಹಾಗೇ ಮಾಡಿ. ಮುಂಚಕ್ರದಲ್ಲಿ ಇಲ್ಲಿ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕ್ ಕಡೆ ನೋಡಿ. ಎರಡೂ ಕಡೆ ಒಂದೇ ಸಮ ಪ್ಲೇ ಇದ್ದರೆ ಬೇರಿಂಗ್ ಮೇಲಿನ ಅನುಮಾನ ಗಟ್ಟಿ. ಪರೀಕ್ಷೆಗೆ ಮುನ್ನ ವೀಲ್ ನಟ್‌ಗಳು ಬಿಗಿಯಾಗಿವೆಯೇ ನೋಡಿಕೊಳ್ಳಿ. ಸಡಿಲ ನಟ್ಟಿಗೆ ಬೇರಿಂಗ್ ದಂಡ ತೆರಬಾರದು.

8. ಜೊತೆಗಾರನಿಗೆ ಬ್ರೇಕ್ ಒತ್ತಲು ಹೇಳಿ

ಇಡೀ ಪಟ್ಟಿಯಲ್ಲಿ ಹೆಚ್ಚು ದುಡ್ಡು ಉಳಿಸುವ ಸೂತ್ರ ಇದು. 12-6 ಹಿಡಿದು ಅಲ್ಲಾಡಿಸುತ್ತಲೇ ಒಳಗಿದ್ದವರಿಂದ ಬ್ರೇಕ್ ಗಟ್ಟಿಯಾಗಿ ಒತ್ತಿಸಿ. ಡಿಸ್ಕ್ ಕೂತಿರುವುದು ಹಬ್ ಮೇಲೆ, ಬ್ರೇಕ್ ಕ್ಯಾಲಿಪರ್ ಕೂತಿರುವುದು ಸಸ್ಪೆನ್ಷನ್‌ಗೆ ಜೋಡಿಸಿದ ನಕಲ್ ಮೇಲೆ, ಈ ಎರಡರ ನಡುವೆ ಇರುವುದು ಬೇರಿಂಗ್. ಬ್ರೇಕ್ ಒತ್ತಿದಾಗ ಹಬ್, ನಕಲ್ ಎರಡೂ ಒಂದೇ ತುಂಡಿನಂತೆ ಬಿಗಿಯಾಗುತ್ತವೆ. ಹಾಗಾಗಿ ಪ್ಲೇ ಮಾಯವಾದರೆ ತಪ್ಪು ಬೇರಿಂಗ್‌ನದ್ದು. ಬ್ರೇಕ್ ಒತ್ತಿದರೂ ಪ್ಲೇ ಉಳಿದರೆ ಬಾಲ್ ಜಾಯಿಂಟ್, ಲೋಯರ್ ಆರ್ಮ್ ಬುಷ್ ಇತ್ಯಾದಿ. ಟಾರ್ಚ್ ಹಿಡಿದು ಹಿಂದಿನಿಂದ ನೋಡಿದರೆ ಯಾವ ಜೋಡಣೆ ಬಾಯಿ ಬಿಡುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ.

9. ಸ್ಪ್ರಿಂಗ್ ಮೇಲೆ ಬೆರಳಿಟ್ಟು ಚಕ್ರ ತಿರುಗಿಸಿ

ಪ್ಲೇ ಇಲ್ಲದೆಯೂ ಬೇರಿಂಗ್ ಕೆಟ್ಟಿರಬಹುದು. ಗುಂಡಿಗೆ ದಡ್ ಎಂದು ಬಿದ್ದಾಗ ಗುಂಡುಗಳು ಓಡುವ ಹಾದಿಯಲ್ಲಿ ಸಣ್ಣ ಕಚ್ಚು ಬೀಳುತ್ತದೆ. ಅಲ್ಲಾಟ ಬರುವುದಕ್ಕೆ ಎಷ್ಟೋ ಮೊದಲೇ ಸದ್ದು ಶುರುವಾಗುತ್ತದೆ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯ ಬೆರಳನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಡಿ. ಒಳ್ಳೆಯ ಬೇರಿಂಗ್ ಬೆರಳಿಗೆ ಏನೂ ಹೇಳುವುದಿಲ್ಲ. ಕೆಟ್ಟದ್ದು ಬೀಸುವ ಕಲ್ಲಿನಂತೆ ಗರಗರ ಎನ್ನುವುದು ಸ್ಪ್ರಿಂಗ್‌ಗುಂಟ ಬೆರಳಿಗೆ ಹತ್ತುತ್ತದೆ. ಬ್ರೇಕ್ ಪ್ಯಾಡ್ ಉಜ್ಜುವ ‘ಸರ್’ ಸದ್ದಿಗೆ ಹೆದರಬೇಡಿ, ಅದು ಸಹಜ. ಎಡಕ್ಕೂ ಬಲಕ್ಕೂ ಹೋಲಿಸಿ ನೋಡಿದರೆ ವ್ಯತ್ಯಾಸ ಸುಲಭವಾಗಿ ಸಿಗುತ್ತದೆ.

ಇನ್ನೆರಡು ಸುಳಿವು: ಉಬ್ಬುತಗ್ಗಿನ ರಸ್ತೆ ದಾಟಿದ ಮೇಲೆ ಮೊದಲ ಸಲ ಬ್ರೇಕ್ ಪೆಡಲ್ ಆಳಕ್ಕೆ ಹೋಗಿ ಎರಡನೇ ಸಲ ಸರಿಯಾದರೆ, ಅಲ್ಲಾಡುವ ಡಿಸ್ಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿರಬಹುದು. ಎಬಿಎಸ್ ದೀಪ ಆಗಾಗ ಹೊತ್ತಿದರೆ, ಹಬ್ ಅಲ್ಲಾಡಿ ಸೆನ್ಸರಿನ ಅಂತರ ತಪ್ಪುತ್ತಿರಬಹುದು.

10. ಮುಂಚಕ್ರದ ಕಾರಿಗೆ ಪಾರ್ಕಿಂಗ್ ಜಾಗದಲ್ಲಿ ಸುತ್ತು ಹಾಕಿ

ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನವಾಗಿ ಸುತ್ತಿ; ಆಮೇಲೆ ಇನ್ನೊಂದು ಕಡೆ. ತಿರುವಿನಲ್ಲಿ ಮಾತ್ರ ‘ಟಕಟಕಟಕ’ ಎಂದರೆ ಚಕ್ರದ ಕಡೆಯ ಸಿವಿ ಜಾಯಿಂಟ್ ಸವೆದಿದೆ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಾರು ನಡುಗಿ, ಕಾಲು ತೆಗೆದರೆ ನಡುಕ ನಿಂತರೆ ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ನೋಡಿ. ಆ ಒಳಜಾಯಿಂಟ್ ಒಳಕ್ಕೂ ಹೊರಕ್ಕೂ ಸ್ವಲ್ಪ ಜಾರುವಂತೆಯೇ ಮಾಡಿರುತ್ತಾರೆ, ಆ ಜಾರಾಟ ದೋಷವಲ್ಲ.

ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಮೈಗೆ ಗ್ರೀಸ್ ಎರಚಿದೆಯೇ? ಸದ್ದು ಇನ್ನೂ ಬಂದಿಲ್ಲವಾದರೆ ಬಿಚ್ಚಿ ತೊಳೆದು ಹೊಸ ಗ್ರೀಸ್, ಹೊಸ ಬೂಟ್ ಹಾಕಿಸಿದರೆ ಸಾಮಾನ್ಯವಾಗಿ ಜಾಯಿಂಟ್ ಉಳಿಯುತ್ತದೆ. ಸದ್ದು ಬಂದ ಮೇಲೆ ಗ್ರೀಸ್ ತುಂಬಿಸಿ ಪ್ರಯೋಜನವಿಲ್ಲ.

11. ಹಿಂಚಕ್ರದ ಗಾಡಿಯಲ್ಲಿ ‘ಟಕ್’ ಹುಟ್ಟುವ ಜಾಗ ಹಿಡಿಯಿರಿ

ರಿವರ್ಸ್‌ನಿಂದ ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ‘ಟಕ್’ ಎಂದರೆ ಎಲ್ಲರೂ ಡಿಫರೆನ್ಷಿಯಲ್ ಕಡೆಗೇ ಬೆರಳು ತೋರಿಸುತ್ತಾರೆ. ಆದರೆ ಅದು ಯುಜೆ ಕ್ರಾಸ್, ಶಾಫ್ಟಿನ ಹಲ್ಲುಗಳು, ಪಿನಿಯನ್, ಆಕ್ಸಲ್ ಇವೆಲ್ಲದರ ಸಡಿಲದ ಮೊತ್ತ. ಎಂಜಿನ್ ಮೌಂಟಿಂಗ್ ಹೋಗಿದ್ದರೂ ಇದೇ ಸದ್ದು.

ಎಂಜಿನ್ ಆರಿಸಿ, ಚಕ್ರಗಳಿಗೆ ತಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ಕೆಳಗೆ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಎಡಕ್ಕೂ ಬಲಕ್ಕೂ ತಿರುಚಿ. ಶಾಫ್ಟ್ ಅಲ್ಲಾಡಿ ಪಿನಿಯನ್ ಫ್ಲ್ಯಾಂಜ್ ಅಲ್ಲಾಡದಿದ್ದರೆ ಯುಜೆ ಕ್ರಾಸ್ ಹೋಗಿದೆ. ಅದನ್ನು ಬದಲಿಸುವುದು ಅಗ್ಗದ ಕೆಲಸ. ಫ್ಲ್ಯಾಂಜೂ ಸ್ವಲ್ಪ ತಿರುಗಿ ಹೌಸಿಂಗ್ ಒಳಗೆ ‘ಟಕ್’ ಎಂದರೆ ಗೇರಿನ ಸಡಿಲ. ಎಷ್ಟು ಎಂದು ಡಯಲ್ ಗೇಜಿನಿಂದ ಅಳೆಸಿ, ಮ್ಯಾನ್ಯುಅಲ್ ಜೊತೆ ಹೋಲಿಸಿ. ಕೊನೆಗೆ ಫ್ಲ್ಯಾಂಜನ್ನು ಮೇಲಕ್ಕೆ ಕೆಳಕ್ಕೆ ತಳ್ಳಿ ನೋಡಿ. ಇಲ್ಲಿ ಕೂದಲೆಳೆ ಅಲ್ಲಾಡಿದರೂ ಪಿನಿಯನ್ ಬೇರಿಂಗ್ ಮುಗಿಯಿತು. ಮುಂದೂಡಿದರೆ ಕ್ರೌನ್ ಹಲ್ಲೂ ಹೋಗುತ್ತದೆ.

12. ಡಿಫರೆನ್ಷಿಯಲ್ ಯಾವಾಗ ಕೂಗುತ್ತದೆ ಗಮನಿಸಿ

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ‘ಊಂ’ ಎಂದು, ಬಿಟ್ಟಾಗ ನಿಂತರೆ ಅಥವಾ ಬಿಟ್ಟಾಗ ಮಾತ್ರ ಕೂಗಿದರೆ, ಕ್ರೌನ್-ಪಿನಿಯನ್ ಹಲ್ಲುಗಳ ಹೊಂದಾಣಿಕೆ ಕೆಟ್ಟಿದೆ. ಒತ್ತಿದರೂ ಬಿಟ್ಟರೂ ಒಂದೇ ಸಮ ಗುಂಯ್ಗುಟ್ಟಿದರೆ ಬೇರಿಂಗ್. ಪಿನಿಯನ್ ಸಾಮಾನ್ಯವಾಗಿ ಚಕ್ರಕ್ಕಿಂತ ನಾಲ್ಕು ಪಟ್ಟಿನ ಆಸುಪಾಸು ವೇಗದಲ್ಲಿ ತಿರುಗುವುದರಿಂದ ಅದರ ಬೇರಿಂಗಿನ ದನಿ ಸಣ್ಣದು, ತಾರಕದ್ದು. ಕ್ರೌನ್ ಪಕ್ಕದ ಬೇರಿಂಗಿನದು ದಪ್ಪ ದನಿ. ತಿರುವಿನಲ್ಲಿ ಮಾತ್ರ ಸದ್ದು ಬಂದರೆ ಒಳಗಿನ ಸ್ಪೈಡರ್ ಗೇರುಗಳನ್ನು ಅನುಮಾನಿಸಿ. ನೇರ ಹೋಗುವಾಗ ಅವು ತಮ್ಮ ಅಚ್ಚಿನ ಮೇಲೆ ಸುಮ್ಮನಿರುತ್ತವೆ. ಎಡಬಲ ಚಕ್ರಗಳ ವೇಗ ಬೇರೆಯಾದಾಗಲೇ ಅವಕ್ಕೆ ಕೆಲಸ.

ಕ್ರೌನ್, ಪಿನಿಯನ್ ಎರಡನ್ನೂ ಒಟ್ಟಿಗೆ ಉಜ್ಜಿ ಜೋಡಿ ಮಾಡಿರುತ್ತಾರೆ. ಆದ್ದರಿಂದ ಒಂದನ್ನೇ ಬದಲಿಸಲು ಒಪ್ಪಬೇಡಿ. 

13. ನೀರಲ್ಲಿ ನಿಂತ ಗಾಡಿಯ ಎಣ್ಣೆ ನೋಡಿ

2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ ವಲಯದ ಬಡಾವಣೆಗಳಿಗೆ ನೀರು ನುಗ್ಗಿ, ಐಟಿಯವರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು ಊರೇ ನೋಡಿತು. ಅಂಥ ನೀರಿಗೆ ಇಳಿದ ಗಾಡಿಯಲ್ಲಿ ಎಂಜಿನ್ ಮಾತ್ರ ನೋಡಿ ಸುಮ್ಮನಾಗಬೇಡಿ. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಕೊಳವೆ ಮತ್ತು ಸೀಲ್‌ಗಳ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಎಣ್ಣೆ ತುಂಬುವ ಪ್ಲಗ್ ಮೊದಲು ಬಿಚ್ಚಿಸಿ, ಆಮೇಲೆ ಸುರಿಸುವ ಪ್ಲಗ್. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ, ಖಾಲಿ ಮಾಡಿದ ಮೇಲೆ ತುಂಬಲಾಗದು. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಆಯಸ್ಕಾಂತದ ಪ್ಲಗ್ಗಿನಲ್ಲಿ ನುಣ್ಣನೆಯ ಕಪ್ಪು ಮಡ್ಡಿ ಇದ್ದರೆ ಸಹಜ. ಚೂರು, ಚಕ್ಕೆ ಸಿಕ್ಕರೆ ಒಳಗೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಹೊಸ ಎಣ್ಣೆ ಮ್ಯಾನ್ಯುಅಲ್ ಹೇಳಿದ ದರ್ಜೆಯದ್ದೇ ಇರಲಿ.

14. ನಟ್ ಬಿಗಿದು ರೋಗ ಮುಚ್ಚಬೇಡಿ. ಬದಲಿಸುವುದಾದರೆ ಸರಿಯಾಗಿ ಬದಲಿಸಿ

ಹಳೆಯ ಗಾಡಿಗಳ ಟೇಪರ್ ರೋಲರ್ ಬೇರಿಂಗ್‌ನಲ್ಲಿ ನಟ್ ತಿರುಗಿಸಿ ಸಡಿಲ ಸರಿಮಾಡುವ ವ್ಯವಸ್ಥೆ ಇತ್ತು. ಇಂದಿನ ಸೀಲ್ ಮಾಡಿದ ಹಬ್ ಬೇರಿಂಗ್‌ಗೆ ಅದಿಲ್ಲ. ಪ್ಲೇ ಬಂದರೆ ಬದಲಿಸುವುದೊಂದೇ ದಾರಿ. ಹೊಸದನ್ನು ಪ್ರೆಸ್‌ನಲ್ಲೇ ಕೂರಿಸಬೇಕು, ಸುತ್ತಿಗೆಯಲ್ಲಿ ಅಲ್ಲ. ನಕಲ್‌ಗೆ ಕೂರಿಸುವಾಗ ಒತ್ತಡ ಹೊರರಿಂಗ್ ಮೇಲೆ ಬೀಳಬೇಕು. ಒಳರಿಂಗ್ ಒತ್ತಿದರೆ ಭಾರವೆಲ್ಲ ಗುಂಡುಗಳ ಮೇಲೆ ಬಿದ್ದು, ಹೊಸ ಬೇರಿಂಗ್ ಹಾಕುವಾಗಲೇ ಹಾಳಾಗುತ್ತದೆ. ಎಬಿಎಸ್ ಇರುವ ಕಾರಿನಲ್ಲಿ ಬೇರಿಂಗಿನ ಒಂದು ಸೀಲ್‌ನಲ್ಲೇ ಆಯಸ್ಕಾಂತದ ಪಟ್ಟಿ ಇರಬಹುದು. ತಿರುಗುಮುರುಗಾಗಿ ಕೂರಿಸಿದರೆ ದೀಪ ಆರುವುದಿಲ್ಲ. ಹಬ್ ನಟ್ಟನ್ನು ಟಾರ್ಕ್ ರೆಂಚ್‌ನಿಂದ ಮ್ಯಾನ್ಯುಅಲ್ ಅಳತೆಗೆ ಬಿಗಿಸಿ.

ಜೆ.ಸಿ. ರಸ್ತೆಯಲ್ಲಿ ಕೊಂಡರೂ ಸರಿ, ಮಾರತ್ತಹಳ್ಳಿಯಲ್ಲಿ ಕೊಂಡರೂ ಸರಿ, ಬಿಲ್ ಕೇಳಿ. ಬೇರಿಂಗ್‌ಗೆ ನಕಲಿಗಳ ಕಾಟ ಹೆಚ್ಚು. ಬೊಮ್ಮಸಂದ್ರದಲ್ಲೂ ಕಾರ್ಖಾನೆ ಇರುವ ಎಸ್‌ಕೆಎಫ್, ಅಸಲಿಯೇ ಎಂದು ಪರೀಕ್ಷಿಸಲು ಮೊಬೈಲ್ ಆ್ಯಪ್ ಕೊಟ್ಟಿದೆ. ಡಬ್ಬಿ ಬಿಚ್ಚುವ ಮೊದಲೇ ಬಳಸಿ. ಬದಲಿಸಿದ ಹಳೆಯ ಬೇರಿಂಗ್ ಕೇಳಿ ಪಡೆದು, ಕೈಯಲ್ಲಿ ತಿರುಗಿಸಿ ನೋಡಿ. ನೀವು ಕೇಳಿದ ಗರಗರ ಅದರಲ್ಲಿ ಇರಬೇಕು.

15. ಗ್ಯಾರೇಜಿಗೆ ಚೀಟಿ ಬರೆದುಕೊಂಡು ಹೋಗಿ

‘ಏನೋ ಸದ್ದು ಬರ್ತಿದೆ ನೋಡಿ’ ಎಂದರೆ ಮೆಕ್ಯಾನಿಕ್ ಊಹೆಗೆ ಬೀಳುತ್ತಾನೆ, ನಿಮ್ಮ ದುಡ್ಡೂ ಅವನ ಊಹೆಯ ಹಿಂದೆ ಹೋಗುತ್ತದೆ. ಬದಲಿಗೆ ಹೀಗೆ ಬರೆಯಿರಿ: ‘50ರ ಮೇಲೆ ಗುಂಯ್ ಸದ್ದು. ಕ್ಲಚ್ ಒತ್ತಿದರೂ ನಿಲ್ಲಲ್ಲ. ಎಡಕ್ಕೆ ತಿರುಗಿಸಿದರೆ ಜೋರು. ಬಲ ಮುಂಚಕ್ರ 12-6ರಲ್ಲಿ ಪ್ಲೇ, ಬ್ರೇಕ್ ಒತ್ತಿದರೆ ಇಲ್ಲ. ಟೈರ್ ಬದಲಿಸಿ ನೋಡಿದೆ, ಸದ್ದು ಅಲ್ಲೇ ಇದೆ.’ ಇಷ್ಟು ಹೇಳಿದರೆ ಯಾವ ಒಳ್ಳೆ ಮೆಕ್ಯಾನಿಕ್ಕೂ ನಾಲ್ಕು ಬೇರಿಂಗ್ ಹಾಕೋಣ ಎನ್ನುವುದಿಲ್ಲ. ಸಂಜೆಯೊಳಗೇ ಕೊಡಿ ಎಂದು ಅವಸರಿಸಲೂ ಬೇಡಿ. 2023ರ ಮಾರ್ಚ್‌ನಿಂದ ಕುಂದಲಹಳ್ಳಿಗೆ ಮೆಟ್ರೊ ಇದೆ, ಒಂದು ದಿನ ಅದರಲ್ಲಿ ಹೋಗಿ ಬನ್ನಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು 7, 8, 9, 10ನೇ ಸೂತ್ರಗಳನ್ನು ಮುಂಗಡ ಕೊಡುವ ಮೊದಲೇ ಮಾಡಿ ನೋಡಲಿ. ಮಾರುವವರು ಜಾಕ್ ಹಾಕಲು ಬಿಡದಿದ್ದರೆ ಆ ಕಾರು ಬೇಡ. ಇನ್ನು ಚಕ್ರ ಕಣ್ಣಿಗೆ ಕಾಣುವಷ್ಟು ಅಲ್ಲಾಡುತ್ತಿದ್ದರೆ, ಗುಂಯ್ ಸದ್ದು ಕರಕರಕ್ಕೆ ತಿರುಗಿದ್ದರೆ, ಅಥವಾ ಓಡಿ ಬಂದ ಮೇಲೆ ಒಂದು ಹಬ್ ಮಾತ್ರ ಹತ್ತಿರ ಕೈ ತರಲಾಗದಷ್ಟು ಕಾದಿದ್ದರೆ, ಆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಟೋಯಿಂಗ್ ಕರೆಸಿ. ಬೇರಿಂಗ್ ಪೂರ್ತಿ ಕೈಕೊಟ್ಟರೆ ಚಕ್ರವೇ ಕಳಚಬಹುದು.